ಖಾಲಿ ಪೀಪಾಯಿಗಳ ಬಂಡಿ

ಆ ದಿನ ಕುದುರೆಗೆ ಬಾಯಾರಿಕೆ ಆಗದೇ ಹೋಗಿದ್ದರೆ ಎಜ್ರಾ ಕ್ರಾಟ್ಸ್ ಸುಖವಾಗಿ ಬೇಸ್‌ಬಾಲ್ ಪಂದ್ಯ ನೋಡಿಕೊಂಡು ಮನೆಗೆ ಬರುತ್ತಿದ್ದ.

ಓಹಾಯೋ ಸೀಮೆಯ ವೆಲ್ಟನ್ ಊರಿನ ಉಪ್ಪಿನಕಾಯಿ ಕಾರ್ಖಾನೆಯಲ್ಲಿ ಅವನು ಬಂಡಿ ಹೊಡೆಯುವವನು. ಸಾವಿರದ ಒಂಬೈನೂರ ಎಂಟನೇ ಇಸವಿ. ಊರಿಗೆ ಊರೇ ಬೇಸ್‌ಬಾಲ್ ಹುಚ್ಚು ಹಿಡಿಸಿಕೊಂಡಿತ್ತು, ಎಜ್ರಾನಿಗೆ ಅದು ಒಂದು ಕೈ ಹೆಚ್ಚೇ. ಆದರೆ ಪಂದ್ಯ ಶುರುವಾಗುವುದು ಮಧ್ಯಾಹ್ನ ಮೂರಕ್ಕೆ, ಅವನು ಕುದುರೆ ಬಿಚ್ಚುವುದು ಸಂಜೆ ಆರಕ್ಕೆ. ಭಾನುವಾರ ಆಡೋಣವೆಂದರೆ ಪಾದ್ರಿಗಳು ಬಿಡರು. ಹೀಗಾಗಿ ಏಪ್ರಿಲ್‌ನಿಂದ ವೆಲ್ಟನ್ ತಂಡ ಗೆದ್ದದ್ದು, ಸೋತದ್ದು, ಅಂಪೈರನ ಮೇಲೆ ಏರಿಹೋದದ್ದು ಎಲ್ಲ ಮುಗಿದು ಸೆಪ್ಟೆಂಬರ್ ಬಂದರೂ ಪಾಪ, ಒಂದು ಪಂದ್ಯವನ್ನೂ ಅವನು ಕಂಡಿರಲಿಲ್ಲ.

ಅವನ ಪಾಲಿನದನ್ನೂ ಸೇರಿಸಿ ನೋಡುತ್ತಿದ್ದವನು ಹೆಂಡತಿಯ ತಮ್ಮ ಫ್ಲಾಯ್ಡ್. ಫ್ಲಾಯ್ಡನಿಗೆ ಕೆಲಸವೆಂಬುದು ಇರಲಿಲ್ಲ, ಹಸಿವು ಮಾತ್ರ ಚೆನ್ನಾಗಿತ್ತು. ಸಂಜೆಯಾದರೆ ಅಕ್ಕನ ಮನೆಯ ಊಟದ ಮೇಜಿಗೆ ಹಾಜರ್. ಬೇಯಿಸಿದ ಆಲೂಗಡ್ಡೆ ಚೆಂಡು, ಸೌಟು ಬ್ಯಾಟು. ಆಟ ಹೀಗಾಯಿತು ಹಾಗಾಯಿತು ಎಂದು ತೋರಿಸಿ, ಕೊನೆಗೆ ಆ ಚೆಂಡನ್ನು ತಾನೇ ತಿಂದು ಹೋಗುವನು.

ಕೊನೆಯ ದಿನದ ಪಂದ್ಯ ಹಾರ್ಟ್‌ಫೀಲ್ಡ್ ತಂಡದ ಮೇಲೆ. ಗೆದ್ದವರಿಗೆ ಲೀಗಿನ ಪತಾಕೆ. ವರ್ಷವಿಡೀ ಗೋಗರೆದಿದ್ದಕ್ಕೆ ಕಾರ್ಖಾನೆಯ ಯಜಮಾನ ಶುಲ್ಟ್ಸರ ಮನಸ್ಸು ಅಂತೂ ಕರಗಿತು. "ಸ್ಟೇಷನ್ನಿಂದ ಖಾಲಿ ಪೀಪಾಯಿ ತಂದು ಹಾಕ್ಬಿಟ್ಟು ಹೋಗಯ್ಯ. ಮಧ್ಯಾಹ್ನ ರಜ," ಎಂದರು. ಎಜ್ರಾನ ಕಣ್ಣಲ್ಲಿ ನೀರೇ ಬಂತು. ಹೆಂಡತಿ ಕಾಲರಿಗೆ ಗಂಜಿ ಹಾಕಿ ಇಸ್ತ್ರಿ ಮಾಡಿಕೊಟ್ಟಳು. ಟಿಕೆಟ್ಟನ್ನು ಹ್ಯಾಟಿನ ಪಟ್ಟಿಗೆ ಸಿಕ್ಕಿಸಿಕೊಂಡು ಬಂಡಿ ಹತ್ತಿದ.

ಪೀಪಾಯಿ ಹೇರಿಕೊಂಡು ಬರುವಾಗ ಕ್ಷೌರದಂಗಡಿಯ ಮುಂದಿನ ನೀರಿನ ತೊಟ್ಟಿ ಕಂಡು ಬೆಸ್ಸಿ ಕುದುರೆ ನಿಂತುಬಿಟ್ಟಿತು. ಅಂಗಡಿಯೊಳಗಿಂದ ಒಂದು ಕೂಗು. ಮುಖದ ಅರ್ಧಕ್ಕೆ ಸೋಪಿನ ನೊರೆ ಮೆತ್ತಿಕೊಂಡು, ಕೊರಳಲ್ಲಿ ಟವೆಲ್ಲು ಇಳಿಬಿಟ್ಟುಕೊಂಡು ತಂಡದ ಕ್ಯಾಪ್ಟನ್ ರಾಫರ್ಟಿ ಬೀದಿಗೆ ಓಡಿಬಂದ.

"ಅಣ್ಣಾ, ಪೀಪಾಯಿ ಖಾಲಿನಾ?"

"ಖಾಲಿನೇ. ಯಾಕೆ?"

ರಾಫರ್ಟಿ ಅವನ ಎರಡೂ ಕೈ ಹಿಡಿದುಕೊಂಡ. ಖಾಲಿ ಪೀಪಾಯಿಯ ಬಂಡಿ ಕಣ್ಣಿಗೆ ಬಿದ್ದರೆ ಅಂದು ಬ್ಯಾಟಿಗೆ ಚೆಂಡು ಸಿಕ್ಕೇ ಸಿಗುತ್ತದೆ. ಬೇಸ್‌ಬಾಲ್ ಆಡುವವರಲ್ಲಿ ಇದನ್ನು ನಂಬದವನೇ ಇಲ್ಲ. ಅದೂ ವೆಲ್ಟನ್ ಹುಡುಗರ ಬ್ಯಾಟಿಗೆ ಒಂದು ವಾರದಿಂದ ಗಾಳಿ ಬಿಟ್ಟು ಬೇರೇನೂ ತಗುಲಿರಲಿಲ್ಲ.

"ದೇವ್ರು ಬಂದಂಗೆ ಬಂದೆ ಕಣಣ್ಣ. ನಮ್ಮೋರು ಬ್ಯಾಟು ಹಿಡಿದಾಗೆಲ್ಲ ಮೈದಾನದ ಬೇಲಿ ಪಕ್ಕ ಬಂಡಿ ಓಡಿಸ್ತಾ ಇರು. ಅಷ್ಟು ಸಾಕು."

"ನಾನು ಒಳಗೆ ಕೂತು ಆಟ ನೋಡ್ಬೇಕಲ್ಲಪ್ಪ," ಎಂದ ಎಜ್ರಾ.

ಅಷ್ಟರಲ್ಲಿ ಜನ ಸೇರಿತು. ಜನ ಸೇರಿದಲ್ಲಿ ಫ್ಲಾಯ್ಡ್ ಇರಲೇಬೇಕು. "ಭಾವ, ಊರ ಮಾನ ನಿನ್ನ ಕೈಲಿದೆ. ಇಲ್ಲ ಅನ್ಬೇಡ," ಎಂದವನೇ ಹ್ಯಾಟಿನಿಂದ ಟಿಕೆಟ್ಟು ಎಳೆದುಕೊಂಡ. "ಬಂಡಿ ಮೇಲಿರೋನಿಗೆ ಇದ್ಯಾಕೆ? ಸುಮ್ನೆ ದಂಡ ಆಗತ್ತೆ." ಶುಲ್ಟ್ಸ್ ಯಜಮಾನರಿಗೂ ಸುದ್ದಿ ಮುಟ್ಟಿತು. ತಮ್ಮ ಪೀಪಾಯಿಯಿಂದ ಊರಿಗೆ ಪತಾಕೆ ಬರುವುದಾದರೆ ಅವರು ಬೇಡವೆನ್ನುವರೆ?

ಮೈದಾನದ ಸುತ್ತ ಎತ್ತರದ ಹಲಗೆ ಬೇಲಿ. ಒಳಗಿದ್ದವರಿಗೆ ಬೇಲಿಯ ಮೇಲೆ ಪೀಪಾಯಿಗಳ ತಲೆ ಸಾಲಾಗಿ ಹೋಗುವುದು ಕಾಣುತ್ತಿತ್ತು. ಪೀಪಾಯಿಗಳಿಗೂ ಆಟ ಚೆನ್ನಾಗಿ ಕಾಣುತ್ತಿತ್ತು. ಕೆಳಗೆ ಕೂತ ಎಜ್ರಾನಿಗೆ ಕಂಡದ್ದು ಹಲಗೆ, ಹಲಗೆಯ ಮೇಲಿನ ಷೂ ಪಾಲಿಶಿನ ಜಾಹೀರಾತು, ಬೆಸ್ಸಿಯ ಬಾಲ. ಹಾರ್ಟ್‌ಫೀಲ್ಡಿನವರು ಬ್ಯಾಟು ಹಿಡಿದಾಗಲಾದರೂ ಬಿಡುವು ಸಿಕ್ಕಿತೆ? ಅದೃಷ್ಟ ಅವರ ಕಣ್ಣಿಗೆ ಬಿದ್ದೀತೆಂದು ಬಂಡಿಯನ್ನು ಬೀದಿಯ ಕೊನೆಯ ಚರ್ಚಿನ ಹಿಂದೆ ಬಚ್ಚಿಡಬೇಕು. ಅಲ್ಲಿಗೆ ಹೋಗಿ ಬಂಡಿ ತಿರುಗಿಸುವುದರೊಳಗೆ ಮತ್ತೆ ವೆಲ್ಟನ್ ಸರದಿ.

ಏನೇ ಹೇಳಿ, ಬಂಡಿ ಉರುಳಿದಾಗ ಚೆಂಡು ಹಾರಿತು. ಟಕ್ಕೆಂಬ ಸದ್ದು, ಹೋ ಎಂಬ ಕೂಗು. "ಯಾರು ಹೊಡೆದಿದ್ದು? ಯಾರ್ರೀ?" ಎಂದು ಎಜ್ರಾ ಬೇಲಿಗೆ ಕೇಳುವನು. ಬೇಲಿ ಏನು ಹೇಳೀತು?

ಎದುರಿನ ಮನೆಯ ಮಹಡಿಯ ಕಿಟಕಿಯಲ್ಲಿ ಹೋಫರ್ ಅಜ್ಜಿ ಕಾಲುಚೀಲ ಹೆಣೆಯುತ್ತ ಕೂತಿದ್ದಳು. ಅವಳಿಗೆ ಇವನನ್ನು ನೋಡಿ ಅಯ್ಯೋ ಅನ್ನಿಸಿತು. "ಬಾರೋ ಮೇಲೆ. ಇಲ್ಲಿಂದ ಎಲ್ಲಾ ಕಾಣತ್ತೆ. ಒಂದು ಗಳಿಗೆ ನೋಡ್ಕೊಂಡು ಹೋಗು."

ಎಜ್ರಾ ತಡೆಯಲಾರದೆ ಹೋದ. ಲಗಾಮನ್ನು ಕಂಬಕ್ಕೆ ಸುತ್ತಿ ಮೆಟ್ಟಿಲು ಹಾರಿ ಕಿಟಕಿಗೆ ಮುಖವಿಟ್ಟ. ಆಹಾ, ಹಸಿರು ಮೈದಾನ, ಬಿಸಿಲು, ಬಿಳಿ ಅಂಗಿಯ ಹುಡುಗರು! ಇಷ್ಟು ಚೆಂದ ಇರುತ್ತದೆಂದು ಫ್ಲಾಯ್ಡ್ ಹೇಳಿರಲೇ ಇಲ್ಲ. ವೆಲ್ಟನ್ ಹುಡುಗ ಬ್ಯಾಟು ಬೀಸಿದ. ಔಟ್. ಮುಂದಿನವನು ಬಂದ. ಅವನೂ ಔಟ್.

"ಬಂಡಿ ಎಲ್ರೋ? ಬಂಡಿ!" ಮೈದಾನವೇ ಎದ್ದು ಕೂಗಿತು.

ಕರೆದು ಕೂರಿಸಿದ್ದ ಅಜ್ಜಿಯೇ ಹೆಣಿಗೆ ಕಡ್ಡಿಯಿಂದ ಅವನ ಬೆನ್ನು ತಿವಿದಳು. "ಇಳಿಯೋ ಕೆಳಗೆ, ಮನೆಹಾಳ. ಊರು ಮುಳುಗಿಸ್ತೀಯಾ?"

ಎಜ್ರಾ ಬಿದ್ದು ಎದ್ದು ಬಂಡಿ ಸೇರಿದ. ಆಮೇಲೆ ಅವನು ತಲೆ ಎತ್ತಲಿಲ್ಲ. ತನ್ನ ಆಸೆಯಿಂದ ಊರು ಸೋತರೆ ಯಾವ ಮುಖ ಹೊತ್ತು ತಿರುಗುವುದು ಎಂಬ ಹೆದರಿಕೆ ಅವನಿಗೆ.

ಕೊನೆಯ ಇನ್ನಿಂಗ್ಸ್. ವೆಲ್ಟನ್ ಒಂದು ರನ್ ಹಿಂದೆ, ಒಬ್ಬ ಅರ್ಧ ದಾರಿ ಓಡಿ ಬೇಸಿನ ಮೇಲೆ ನಿಂತಿದ್ದಾನೆ ಎಂದು ಅಜ್ಜಿ ಕೂಗಿ ಹೇಳಿದಳು. ಎಜ್ರಾ ಬೆಸ್ಸಿಯ ಕಿವಿಯಲ್ಲಿ ದಮ್ಮಯ್ಯ ಎಂದ. ಬಂಡಿ ಗಡಗಡ ಉರುಳಿತು. ಟಕ್ಕೆಂದಿತು. ಬೇಲಿಯಾಚೆಯಿಂದ ಏನೋ ಹಾರಿಬಂದು ಬಂಡಿಯ ಪೀಪಾಯಿಯೊಂದರೊಳಗೆ ದಬಕ್ಕನೆ ಬಿತ್ತು. ಎಜ್ರಾ ಕೈಹಾಕಿ ತೆಗೆದ. ಚೆಂಡು. ಇನ್ನೂ ಬೆಚ್ಚಗಿತ್ತು.

ಬೇಲಿ ದಾಟಿದ ಚೆಂಡಿಗೆ ಎರಡು ರನ್, ವೆಲ್ಟನ್ ಗೆದ್ದಿತ್ತು. ಬಾಗಿಲು ಮುರಿದುಕೊಂಡು ಜನ ಹೊರಬಂದು ಅವನನ್ನು ಹೆಗಲ ಮೇಲೆ ಹೊತ್ತರು. ಅಳುವವರು ಎಷ್ಟು, ಮುತ್ತಿಡುವವರು ಎಷ್ಟು. ಅಜ್ಜಿ ಅರ್ಧ ಹೆಣೆದ ಕಾಲುಚೀಲವನ್ನು ಅವನ ಕೈಗಿಟ್ಟು, "ತಪ್ಪು ತಿಳ್ಕೋಬೇಡ ಮಗ, ಇನ್ನೊಂದು ಕಾಲಿಗೂ ಹಾಕ್ಕೊಡ್ತೀನಿ," ಎಂದಳು. ಬೆಸ್ಸಿಗೆ ಒಂದು ಚೀಲ ಓಟ್ಸ್. ರಾಫರ್ಟಿ ಅವನನ್ನು ತಬ್ಬಿಕೊಂಡು ಮೆಲ್ಲಗೆ ಚೆಂಡು ಬಿಡಿಸಿಕೊಂಡ.

"ಇದನ್ನ ಹೋಟೆಲಿನ ಗಾಜಿನ ಬೀರುಲಿ ಇಡ್ತೀವಣ್ಣ. ನಿನ್ನ ಋಣ ಹೆಂಗೆ ತೀರಿಸೋದು? ತಗೋ, ಇದು ತಂಡದ ಕಡೆಯಿಂದ." ಬಂಗಾರದ ಅಕ್ಷರದ ಪಾಸು. ಮುಂದಿನ ವರ್ಷದ ಎಲ್ಲ ಪಂದ್ಯಗಳಿಗೆ ಎಂದು ಅದರ ಮೇಲೆ ಬರೆದಿತ್ತು.

ಶುಲ್ಟ್ಸ್ ಯಜಮಾನರು ಮುಂದೆ ಬಂದರು. "ಪಂದ್ಯ ಇದ್ದ ದಿನ ಎಲ್ಲಾ ನಿನಗೆ ಮಧ್ಯಾಹ್ನದ ಕೆಲಸ ಇಲ್ಲ. ಸಂಬಳ ಪೂರ್ತಿ."

ಎಜ್ರಾ ಕೇಳಿದ್ದು ಒಂದು ಮಧ್ಯಾಹ್ನ, ಸಿಕ್ಕಿದ್ದು ಇಡೀ ವರ್ಷ. ಇಂಥ ಜನರ ನಡುವೆ ಹುಟ್ಟಿದ್ದೇ ತನ್ನ ಪುಣ್ಯ ಎನಿಸಿತು. ಕಣ್ಣೊರೆಸಿಕೊಂಡು ಕೇಳಿದ: "ಕ್ಯಾಪ್ಟನ್ನೇ, ಇದಕ್ಕೆ ಯಾವ ಕಡೆ ಸೀಟು?"

"ಸೀಟಾ?" ರಾಫರ್ಟಿ ಬಂಡಿಯ ಮುಂದಿನ ಹಲಗೆಯನ್ನು ಪ್ರೀತಿಯಿಂದ ತಟ್ಟಿದ. "ಇದೇ ಕಣಣ್ಣ. ಪಂದ್ಯದ ಹೊತ್ತಲ್ಲಿ ಪೊಲೀಸ್ನೋರು ಬೇಲಿ ಪಕ್ಕ ಬಂಡಿ ಬಿಡಲ್ಲ ಅಂತಾರೆ. ಈ ಪಾಸು ತೋರ್ಸು, ಯಾರೂ ನಿನ್ನ ತಡೆಯಲ್ಲ."

ಜನ ಚಪ್ಪಾಳೆ ತಟ್ಟಿದರು. ಫ್ಲಾಯ್ಡ್ ಹೆಗಲ ಮೇಲೆ ಕೈಹಾಕಿ, "ಏನೂ ಯೋಚ್ನೆ ಮಾಡ್ಬೇಡ ಭಾವ. ಒಳಗೆ ಕೂತು ನೋಡೋಕೆ ನಾನಿಲ್ವಾ?" ಎಂದ.

"ತುಂಬಾ ಉಪಕಾರ ಆಯ್ತು," ಎಂದ ಎಜ್ರಾ ಎಲ್ಲರಿಗೂ ಹ್ಯಾಟು ತೆಗೆದು.

ರಾತ್ರಿ ಊಟಕ್ಕೆ ಕೂತಾಗ ತನ್ನ ತಟ್ಟೆಯಲ್ಲಿದ್ದ ದೊಡ್ಡ ಆಲೂಗಡ್ಡೆಯನ್ನು ತಾನೇ ಎತ್ತಿ ಫ್ಲಾಯ್ಡನ ಮುಂದಿಟ್ಟು, "ಹೇಳಪ್ಪ," ಎಂದ, "ಆ ಕೊನೇ ಚೆಂಡು ಹೊಡೆದವರು ಯಾರು?"