ಕಾಲುವೆಯ ಕೊನೆಯವರು ಕಡಲಿಗೆ ಹೋದದ್ದು

ಪ್ರವಾಸಕ್ಕೆ ಹೋದವರು ನೆನಪು ಹೊತ್ತು ತರುತ್ತಾರೆ, ನಾವು ನಗೆಪಾಟಲು ಹೊತ್ತು ತರುತ್ತೇವೆ. ಪ್ರತಿ ಸಲವೂ ಇದೇ ಆಗುತ್ತದೆ. ನಾನು ಬಿ.ಎ. ಓದಿದ್ದು ಅದನ್ನು ತಡೆಯಲು ಉಪಯೋಗಕ್ಕೆ ಬಂದಿಲ್ಲ, ಬರೆದಿಡಲು ಮಾತ್ರ ಬಂದಿದೆ.

೧. ಯಾವ ದೇವರು?

ಮದುವೆಯಾಗಿ ಇಪ್ಪತ್ತೈದು ವರ್ಷವಾದರೂ ನಾನೂ ನಮ್ಮ ಯಜಮಾನರೂ ಪಕ್ಕಪಕ್ಕದಲ್ಲಿ ಸುಮ್ಮನೆ ಕೂತಿರಲೇ ಇಲ್ಲ. ಕಂಪ್ಲಿಯ ನಮ್ಮ ತುಂಬಿದ ಮನೆಯಲ್ಲಿ ಅವರ ಜಾಗ ಕಟ್ಟೆ, ನನ್ನದು ಅಡಿಗೆಮನೆ. ಬಸ್ಸಿನಲ್ಲಿ ನಾನು ಮುಂದೆ, ಅವರು ಹಿಂದೆ. ಮದುವೆಯ ಫೋಟೋದಲ್ಲೂ ನಡುವೆ ಅತ್ತೆಯವರಿದ್ದಾರೆ. ಆ ವರ್ಷ ಭತ್ತ, ಕಬ್ಬು ಎರಡೂ ಕೈಹಿಡಿದಾಗ ನಾನು ಹಟ ಹಿಡಿದೆ. ಗೋವಾದ ರೆಸಾರ್ಟಿಗೆ ಹೋಗಬೇಕು, ನಾವಿಬ್ಬರೇ, ಸಮುದ್ರ ನೋಡುತ್ತ ಜೊತೆಯಲ್ಲಿ ಕೂರಬೇಕು.

ಅಲ್ಲಿ ಯಾವ ದೇವರು, ಏನು ಹರಕೆ ಎಂದು ಅತ್ತೆಯವರು ಕೇಳಿದರು. ದೇವರಿಗಲ್ಲ, ನೀರು ನೋಡಲಿಕ್ಕೆ ಎಂದೆ. ವಿಶ್ರಾಂತಿ, ನಿಸರ್ಗ, ಮನಸ್ಸಿನ ಆರೋಗ್ಯ ಎಂದು ಕಾಲೇಜಿನ ಭಾಷಣ ಸ್ಪರ್ಧೆಯ ದನಿಯಲ್ಲಿ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, ಎಲೆಗೆ ಸುಣ್ಣ ಹಚ್ಚುತ್ತ ಅಂದರು: "ನೀರು ನೋಡಾಕ ಅಷ್ಟು ದೂರ ಯಾಕವಾ? ಹೊಸಪೇಟಿ ಡ್ಯಾಮಿಗೆ ಹೋಗಿಬರ್ರಿ. ಎಮ್ಮಿ ಹಿಂಡೋ ಹೊತ್ತಿಗೆ ಮನಿ ಮುಟ್ಟತೀರಿ."

೨. ಸನ್ಮಾನ

ರೆಸಾರ್ಟಿನ ಬಾಗಿಲಲ್ಲಿ ಒಬ್ಬ ಹುಡುಗಿ ನಗುತ್ತ ಬಂದು ಇಬ್ಬರ ಕೊರಳಿಗೂ ಹೂವಿನ ಹಾರ ಹಾಕಿ, ಕೈಗೆ ಎಳನೀರು ಕೊಟ್ಟಳು. ಯಜಮಾನರು ನಮ್ಮೂರ ಕಬ್ಬು ಬೆಳೆಗಾರರ ಸಂಘದ ನಿರ್ದೇಶಕರು. ಅವರ ಅನುಭವದಲ್ಲಿ ಹಾರದ ನಂತರ ಮಾಡಬೇಕಾದದ್ದು ಒಂದೇ. ಹಾರ ತೆಗೆದು ಮೊಣಕೈಗೆ ಹಾಕಿಕೊಂಡರು, ಕೈಮುಗಿದರು, ಮೈಕಿಗಾಗಿ ಅತ್ತಿತ್ತ ನೋಡಿದರು. ಅದು ಕಾಣದಿದ್ದಾಗ ಹಾಗೆಯೇ ಶುರು ಮಾಡಿದರು. ತಮ್ಮಂಥ ಸಣ್ಣ ರೈತನನ್ನು ಇಷ್ಟು ದೂರದಿಂದ ಕರೆಸಿ ಗೌರವಿಸಿದ್ದಕ್ಕೆ ಆಭಾರಿ ಎಂದರು.

ಇಂಗ್ಲಿಷ್ ಮಾತಾಡುವ ಜವಾಬ್ದಾರಿ ನನ್ನದೆಂದು ಊರಿನಲ್ಲೇ ಸಾರಿ ಬಂದಿದ್ದೆ. ತಡೆಯಬೇಕಾದವಳು ನಾನೇ. ಆದರೆ ಅಭ್ಯಾಸಬಲ, ಅವರು ಮಾತು ಮುಗಿಸಿದ ಕೂಡಲೇ ನಾನು ಚಪ್ಪಾಳೆ ಹೊಡೆದುಬಿಟ್ಟೆ. ಎಳನೀರು ಚೆಲ್ಲಿ ಸೀರೆ ನೆನೆಯಿತು.

ಹಿಂದೆಯೇ ಬಂದ ಹೊಸ ಜೋಡಿಗೂ ಆ ಹುಡುಗಿ ಹಾರ ಹಾಕಿದಳು. ಯಜಮಾನರು ನನ್ನ ಕಿವಿಯಲ್ಲಿ ಕೇಳಿದರು: "ಇವ್ರು ಯಾವ ಸಂಘದವ್ರು?"

೩. ಖಾಲಿ ಕೋಣೆ

ಮರುದಿನ ಬೆಳಿಗ್ಗೆ ಕೋಣೆ ಗುಡಿಸಲು ಹೆಂಗಸೊಬ್ಬಳು ಬರುತ್ತಾಳೆಂದು ತಿಳಿಯಿತು. ಹೊರಗಿನವರು ಬಂದು ನಮ್ಮ ಗಲೀಜು ನೋಡುವುದೆಂದರೇನು? ಕಂಪ್ಲಿಯವರು ಹೀಗೆ ಎಂದು ಅವಳು ಅಂದುಕೊಳ್ಳಬಾರದು. ನಾನೇ ಎದ್ದು ಗುಡಿಸಿದೆ, ಬಚ್ಚಲು ತಿಕ್ಕಿದೆ, ಹಾಸಿಗೆಯ ಮೇಲೆ ಸುಕ್ಕಿಲ್ಲದಂತೆ ಚಾದರ ಎಳೆದೆ. ರೊಟ್ಟಿ ಬುತ್ತಿಯ ಸಮೇತ ಚೀಲಗಳನ್ನೆಲ್ಲ ಕಪಾಟಿನೊಳಗೆ ಇಟ್ಟು ತಿಂಡಿಗೆ ಹೋದೆವು.

ಬಂದು ನೋಡಿದರೆ ನಮ್ಮ ಕೋಣೆಯೊಳಗೆ ನಿನ್ನೆಯ ಆ ಹೊಸ ಜೋಡಿ ಸೇರಿಕೊಂಡಿದೆ. ಅವರ ಕೋಣೆಯ ನಲ್ಲಿ ಕೆಟ್ಟಿತ್ತಂತೆ. ಗುಡಿಸುವವಳು ನಮ್ಮ ಕೋಣೆ ನೋಡಿ, ಇಲ್ಲಿದ್ದವರು ಖಾಲಿ ಮಾಡಿ ಹೋಗಿದ್ದಾರೆ ಎಂದು ಆಫೀಸಿಗೆ ಹೇಳಿದ್ದಳು. ಮದುವಣಗಿತ್ತಿ ಕಪಾಟು ತೆರೆದು ನನ್ನ ಗುರೆಳ್ಳು ಚಟ್ನಿಯ ಡಬ್ಬಿ ಹಿಡಿದುಕೊಂಡು ನಿಂತಿದ್ದಳು.

ಮ್ಯಾನೇಜರು ಕಾರವಾರದ ಕಡೆಯವರು. ಆ ಜೋಡಿಗೆ ಬೇರೆ ಕೋಣೆ ಕೊಟ್ಟು, ನನ್ನತ್ತ ತಿರುಗಿ ಕೈಜೋಡಿಸಿದರು. "ಅಮ್ಮಾ, ನಾಳೆ ದಯಮಾಡಿ ಸ್ವಲ್ಪ ಗಲೀಜು ಮಾಡಿ."

ಮರುದಿನ ಮನಸ್ಸು ಗಟ್ಟಿ ಮಾಡಿ ಒಂದು ಟವೆಲನ್ನು ನೆಲಕ್ಕೆ ಹಾಕಿದೆ. ಮಡಿಸಿಯೇ ಹಾಕಿದೆ.

೪. ಪಾಳಿ

ಆ ಮಧ್ಯಾಹ್ನ ಕೊನೆಗೂ ಕೂತೆವು. ದಂಡೆಯ ಮೇಲೆ ಎರಡು ಕುರ್ಚಿ, ಎದುರಿಗೆ ಕಡಲು, ನಡುವೆ ಯಾರೂ ಇಲ್ಲ. ಇದಕ್ಕಾಗಿಯೇ ಬಂದದ್ದು ಎಂದು ಸೆರಗು ಸರಿಮಾಡಿಕೊಂಡೆ.

ಆದರೆ ನಮ್ಮ ಗದ್ದೆ ಕಾಲುವೆಯ ಕಟ್ಟಕಡೆಯದು. ನೀರಿನ ಪಾಳಿ ನಮ್ಮದೇ ಇದ್ದರೂ ಮೇಲಿನವರು ಉಳಿಸಿದಷ್ಟೇ ನಮಗೆ. ಹಾಗಾಗಿ ಯಜಮಾನರು ಯಾವ ನೀರನ್ನೂ ನಂಬುವುದಿಲ್ಲ. ಇಳಿತದ ಹೊತ್ತು, ಸಮುದ್ರ ಇನ್ನೂ ಹಿಂದೆ ಸರಿಯುತ್ತಿರುವುದು ಕಂಡು ನೆಟ್ಟಗೆ ಕೂತರು. "ಮ್ಯಾಲ ಯಾರೋ ನೀರು ತಿರುವಿಕೊಂಡ್ರು" ಅಂದರು.

ಯಾರೂ ಅಲ್ಲ, ಚಂದ್ರ ನೀರನ್ನು ಎಳೆಯುತ್ತಾನೆ ಎಂದು ವಿದ್ಯಾವಂತೆಯಾಗಿ ತಿಳಿಹೇಳಿದೆ. ಅವರು ಗಂಭೀರವಾಗಿ ಕೇಳಿದರು: "ಅವನ ಪಾಳಿ ಎಷ್ಟೊತ್ತಿಗೆ ಮುಗೀತೈತಿ?"

ಸಂಜೆ ನೀರು ತಿರುಗಿ ಬಂತು, ನೇರ ನಮ್ಮ ಕುರ್ಚಿಗಳತ್ತ. ನಾನು ಏಳಲು ಹೋದೆ. ಅವರು ತಡೆದರು. "ಕುಂದ್ರು ನೀ. ಇಷ್ಟು ವರ್ಷಕ್ಕ ಕುಂತೀವಿ, ಯಾಕ ಏಳಬೇಕು?" ಧೋತರ ಮೇಲೆ ಕಟ್ಟಿ, ಕೈಯಿಂದಲೇ ಉಸುಕು ಬಾಚಿ ಎರಡೂ ಕುರ್ಚಿಗಳ ಸುತ್ತ ಬದು ಹಾಕತೊಡಗಿದರು. ಮೊದಲು ಮಕ್ಕಳು ಸೇರಿದರು, ಆಮೇಲೆ ಚಡ್ಡಿ ಹಾಕಿದ ಇಬ್ಬರು ಬಿಳಿಯರು, ಆಮೇಲೆ ಆ ಹೊಸ ಜೋಡಿ.

ನಾನು ಸುಮ್ಮನೆ ಕೂತಿರಬಹುದಿತ್ತು. ಬಂದದ್ದೇ ಅದಕ್ಕೆ. ಆದರೆ ಬಿಳಿಯನೊಬ್ಬ ಉಸುಕನ್ನು ತುಳಿಯದೆ ಬರೀ ಸುರಿಯುತ್ತಿದ್ದ, ನೋಡಲಾಗಲಿಲ್ಲ. ಸೆರಗು ಸಿಕ್ಕಿಸಿ ಇಳಿದೆ. ಅಲ್ಲಿ ಸೋರುತ್ತದೆ, ಇಲ್ಲಿ ಗಟ್ಟಿ ತುಳಿಯಿರಿ ಎಂದು ಎಲ್ಲರನ್ನೂ ದುಡಿಸಿದೆ, ಎಲ್ಲ ಕನ್ನಡದಲ್ಲೇ. ಇಂಗ್ಲಿಷ್ ನೆನಪಿಗೇ ಬರಲಿಲ್ಲ.

ಬದು ಸೊಂಟದೆತ್ತರ ಎದ್ದಿತು. ಯಜಮಾನರು ಒಳಗೆ ಬಂದು ಕೂತರು, ನಾನೂ ಕೂತೆ. ಅಷ್ಟರಲ್ಲಿ ಒಂದು ದೊಡ್ಡ ಅಲೆ ಬಂದು ಬದು, ಕುರ್ಚಿ, ಚಪ್ಪಲಿ ಎಲ್ಲ ಎತ್ತಿಕೊಂಡು ಹೋಯಿತು. ಕಣ್ಣು ಬಿಟ್ಟಾಗ ನಾವಿಬ್ಬರೂ ಎದೆಮಟ್ಟ ನೀರಿನಲ್ಲಿ ಪಕ್ಕಪಕ್ಕದಲ್ಲೇ ಕೂತಿದ್ದೆವು. ನಾನು ನೆಲಕ್ಕೆ ಕೈಯೂರಿ ಏಳಹೊರಟೆ. ಯಜಮಾನರು ಮುಖದ ಉಪ್ಪುನೀರು ಒರೆಸಿಕೊಂಡು, ಸುತ್ತ ತುಂಬಿ ನಿಂತ ನೀರನ್ನು ಕಣ್ತುಂಬ ನೋಡಿ, ನನ್ನ ರಟ್ಟೆ ಹಿಡಿದು ಕೂರಿಸಿದರು.

"ಪಾಳಿ ಇಲ್ಲದ ಇಷ್ಟು ನೀರು ಬಂದೈತಿ. ಏಳಬ್ಯಾಡ, ಕುಂದ್ರು."