ಮಾವ ಆರಿಸಿದ ಪಿಯಾನೊ

ನನ್ನ ಸೋದರಮಾವನಿಗೆ ಸಂಗೀತ ಗೊತ್ತಿಲ್ಲ ಅನ್ನುವವರಿಗೆ ಅವರ ಪೂರ್ತಿ ಪರಿಚಯವಿಲ್ಲ. ತನಗೆ ಸಂಗೀತ ಗೊತ್ತಿಲ್ಲ ಎಂಬುದೂ ಅವರಿಗೆ ಗೊತ್ತಿರಲಿಲ್ಲ!

ಎಪ್ಪತ್ತರ ದಶಕದ ಆರಂಭ. ಸಾಂತಾಕ್ರೂಜ್ ಸ್ಟೇಷನ್ನಿನ ಹತ್ತಿರ ಮಾವನ ಉಡುಪಿ ಹೋಟೆಲು. ಒಬ್ಬಳೇ ಮಗಳು ಎದುರು ಬಿಲ್ಡಿಂಗಿನ ಗೋವಾದ ಮೇಷ್ಟ್ರ ಹತ್ತಿರ ಪಿಯಾನೊ ಕಲಿತು, ಕೊನೆಗೆ ಮೇಷ್ಟ್ರನ್ನೇ ಮೀರಿಸಿದಳು. ಗೋಡೆಗೊರಗಿಸಿದ್ದ ಅವರ ಪಿಯಾನೊ ಅವಳ ಬೆರಳಿನ ವೇಗಕ್ಕೆ ಏದುಸಿರು ಬಿಡುತ್ತಿತ್ತು. ಮುಂದೆ ಕಲಿಯಬೇಕಾದರೆ ಗ್ರ್ಯಾಂಡ್ ಪಿಯಾನೊನೇ ಬೇಕು ಎಂದುಬಿಟ್ಟರು ಮೇಷ್ಟ್ರು. ಇಡ್ಲಿ ಮಾರುವವರ ಮನೆಗೆ ಗ್ರ್ಯಾಂಡ್ ಪಿಯಾನೊ! ನಾವೆಲ್ಲ ಹೌಹಾರಿದೆವು, ಮಾವ ಮಾತ್ರ ತಕ್ಷಣ ಒಪ್ಪಿದರು.

ಫೋರ್ಟ್ ಪೇಟೆಯಲ್ಲಿ ಪಾರ್ಸಿ ಮುದುಕರೊಬ್ಬರ ಅಂಗಡಿಯಲ್ಲಿ ಎರಡಿದ್ದವು. ಒಂದು ಹೊಚ್ಚಹೊಸದು, ಮಿರಿಮಿರಿ ಮಿಂಚುವಂಥದ್ದು. ಇನ್ನೊಂದು ಅಜ್ಜನ ಕಾಲದ್ದು. ಒಳಗಿನ ತಂತಿ, ಸುತ್ತಿಗೆ ಎಲ್ಲ ಬದಲಿಸಿ ಮತ್ತೆ ಕಟ್ಟಿದ್ದು. ಮಾವ ಎರಡನ್ನೂ ತೆಂಗಿನಕಾಯಿ ಆರಿಸುವವರಂತೆ ಬೆರಳಿನಿಂದ ಕುಟ್ಟಿ ಕಿವಿಗೊಟ್ಟರು. ಆಮೇಲೆ ಪಂಚೆ ಎತ್ತಿಕಟ್ಟಿ ಹಳೆಯದರ ಅಡಿಗೆ ನುಗ್ಗಿ ಗೆದ್ದಲು ಹುಡುಕಿದರು. ಪಾಪ, ಆ ಪಾರ್ಸಿ ಕೂರುವುದಕ್ಕೆ ಕುರ್ಚಿ ಹುಡುಕಿದರು.

ಮಗಳು ಹೊಸದನ್ನು ಸ್ವಲ್ಪ ಹೊತ್ತು ನುಡಿಸಿದಳು. ಹಳೆಯದರ ಮುಂದೆ ಕೂತವಳು ಏಳಲೇ ಇಲ್ಲ.

"ಅಪ್ಪಯ್ಯ, ಇದೇ ಬೇಕು. ನಾನು ಮೆಲ್ಲ ಹೇಳಿದ್ದೂ ಇದಕ್ಕೆ ಕೇಳ್ತದೆ."

"ನಿನ್ನೆಯ ಸಾಂಬಾರಿಗೆ ಇವತ್ತು ಒಗ್ಗರಣೆ ಹಾಕಿದ್ರೆ ಅದು ಹೊಸ ಸಾಂಬಾರು ಆಗ್ತದಾ?" ಎಂದರು ಮಾವ.

ಅಲ್ಲಿಗೆ ಮಾತು ಮುಗಿಯಿತು. ವಾಪಸು ಬರುವಾಗ ಲೋಕಲ್ ರೈಲಿನಲ್ಲಿ ಅಪ್ಪ ಒಂದು ಕಿಟಕಿ, ಮಗಳು ಒಂದು ಕಿಟಕಿ, ನಡುವೆ ನಾನು!

ಮರುದಿನ ಬೆಳಿಗ್ಗೆ ಅವಳು ಹೋಟೆಲಿನ ಅಡುಗೆಮನೆಗೆ ಬಂದು ದೋಸೆ ಕಾವಲಿಯನ್ನೇ ನೋಡುತ್ತ ನಿಂತಳು. ಹೋಟೆಲು ತೆರೆದ ದಿನದ ಕಾವಲಿ ಅದು. ಹೊಸ ಕಾವಲಿಯಿಂದ ದೋಸೆ ಏಳುವುದಿಲ್ಲ ಎಂದು ಊರಿಗೆಲ್ಲ ಉಪದೇಶ ಮಾಡಿದವರು ಮಾವನೇ ತಾನೆ?

"ಅಪ್ಪಯ್ಯ, ಇದನ್ನು ಯಾವಾಗ ಬದಲಾಯಿಸುದು?" ಎಂದಳು.

ಮಾವ ಕಾವಲಿಗೆ ಎಣ್ಣೆ ಸವರತೊಡಗಿದರು. ಅವಳು ಹೊರಟುಹೋದ ಮೇಲೆ ನನ್ನೊಡನೆ ಹೇಳಿದರು: "ಸಣ್ಣವ ಇರುವಾಗ ಹೋಟೆಲು ಕೆಲಸಕ್ಕೆ ಈ ಊರಿಗೆ ಬಂದವ ನಾನು, ಧಣಿಯ ಮಕ್ಕಳು ಹಾಕಿ ಬಿಟ್ಟ ಅಂಗಿಯಲ್ಲೇ ದೊಡ್ಡವನಾದದ್ದು ಮಾರಾಯ. ಅವಳಿಗೆ ಇನ್ನೊಬ್ಬರು ಬಿಟ್ಟದ್ದು ಕೊಡ್ಲಿಕ್ಕಿಲ್ಲ ಅಂತ ಇತ್ತು."

ಹಳೆಯ ಪಿಯಾನೊನೇ ಬಂತು. ಬಂದ ದಿನ ಮಾವ ನಾಪತ್ತೆ! ಸಂಜೆ ಹಾಜರಾದರು, ತಲೆಯ ಮೇಲೊಂದು ಸ್ಟೂಲು. ಕಾಂದಿವಲಿಯ ಬಡಗಿಗೆ ಅಳತೆ ಕೊಟ್ಟು ಮಾಡಿಸಿದ್ದಂತೆ. ಲೋಕಲಿನ ನೂಕುನುಗ್ಗಲಿನಲ್ಲಿ ಯಾರು ಬಿಡುತ್ತಾರೆ? ಅದರ ಮೇಲೆ ಕೂರಲು ಬಂದವರೊಡನೆಲ್ಲ ಜಗಳವಾಡಿ, ಮಂಡಿನೋವಿನ ಮನುಷ್ಯ ತಾನೂ ಕೂರದೆ, ನಿಂತೇ ಬಂದಿದ್ದರು.

ಸ್ಟೂಲನ್ನು ಪಿಯಾನೊ ಮುಂದಿಟ್ಟು, ಹೆಗಲ ಬೈರಾಸಿನಿಂದ ಒರೆಸಿ, ಮಗಳ ಮುಖ ನೋಡದೆ ಹೇಳಿದರು:

"ಕೂತ್ಕೊ ಮಗಾ. ಇದರ ಮೇಲೆ ಯಾರೂ ಕೂತಿಲ್ಲ."