ಮಾವನ ಬಲಗೈ ಯೋಜನೆ

ಡಿಪ್ಲೊಮಾಕ್ಕೆ ಸೇರಿದ ದಿನದಿಂದ ಅವನ ಕಣ್ಣಿಗೆ ಮನೆಯಲ್ಲಿ ನಡೆಯುವುದೆಲ್ಲ ಯೋಜನೆಯಾಗಿಯೇ ಕಾಣತೊಡಗಿತು. ಹೆಂಡತಿ ಒಲೆಯ ಮೇಲೆ ಹಾಲಿಟ್ಟರೆ ಪಕ್ಕದಲ್ಲಿ ಬಂದು ನಿಂತು, "ಈ ಚಟುವಟಿಕೆಯ ನಿರೀಕ್ಷಿತ ಫಲಿತಾಂಶ ಏನು?" ಎನ್ನುವನು.

"ಚಹಾ ರೀ."

"ಅಪಾಯಗಳು?"

"ನೀವು ಇಲ್ಲೇ ನಿಂತು ಮಾತಾಡಿಸ್ತಾ ಇದ್ರೆ ಹಾಲು ಉಕ್ಕುತ್ತೆ."

ಉಕ್ಕಿತು ಕೂಡ.

ಅವನು ಕುಡಿಯುವ ನೀರಿನ ಕೆಲಸ ಮಾಡುವ ಒಂದು ಸಂಸ್ಥೆಯ ಸ್ಟೋರ್‌ಕೀಪರ್. ಪೈಪು, ನಲ್ಲಿ, ವಾಷರುಗಳ ನಡುವೆಯೇ ಅವನ ಮೀಸೆ ನರೆಯಲು ಶುರುವಾಗಿತ್ತು. ಕೆಲಸಗಳನ್ನು ರೂಪಿಸುವ ವಿಭಾಗಕ್ಕೆ ಹೋಗಬೇಕಾದರೆ 'ಯೋಜನಾ ನಿರೂಪಣೆ, ಉಸ್ತುವಾರಿ ಮತ್ತು ಮೌಲ್ಯಮಾಪನ' ಎಂಬ ಡಿಪ್ಲೊಮಾ ಆಗಿರಬೇಕು ಎಂದರು ಮೇಲಿನವರು. (ಆ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳುವುದನ್ನು ಕಲಿಯಲು ಅವನಿಗೆ ಒಂದು ವಾರ ಹಿಡಿಯಿತು.) ಕೊನೆಯ ಪರೀಕ್ಷೆಗೆ ಬರೀ ಓದಿದರೆ ಸಾಲದು, ಚಿಕ್ಕದೊಂದು ಯೋಜನೆಯನ್ನು ನಿಜವಾಗಿ ನಡೆಸಿ, ಅದರಿಂದ ಏನಾಯಿತೆಂದು ಪರೀಕ್ಷಕರ ಮುಂದೆ ಹೇಳಬೇಕು.

ಯೋಜನೆ ಹುಡುಕುತ್ತ ಮನೆಯೆಲ್ಲ ಸುತ್ತಿದ ಅವನ ಕಣ್ಣು ಕಿಟಕಿಯ ಪಕ್ಕದ ಕುರ್ಚಿಯ ಮೇಲೆ ಬಂದು ನಿಂತಿತು. ಕುರ್ಚಿಯಲ್ಲಿ ಮಾವ ಇದ್ದರು.

ಮಾವ ಊರಿಗೆಲ್ಲ ಬೇಕಾದ ಕ್ಷೌರಿಕರು. ಲಕ್ವ ಹೊಡೆದು ಬಲಗೈ ಸ್ವಾಧೀನ ತಪ್ಪಿದ ಮೇಲೆ ಅಂಗಡಿಗೆ ಬೀಗ ಹಾಕಿ ಮಗಳ ಮನೆಗೆ ಬಂದಿದ್ದರು. ಮಾತು, ನಡಿಗೆ ಎಲ್ಲ ಸರಿಹೋಯಿತು. ಕೈ ಮಾತ್ರ ನಡುಗುತ್ತಿತ್ತು. ಪಳಗಿಸಿದರೆ ಬರುತ್ತದೆ ಎಂದು ಡಾಕ್ಟರು ಹೇಳಿದ್ದರೂ ಮಾವ ಆ ಕೈಯನ್ನು ಟವೆಲ್ಲಿನಡಿ ಮುಚ್ಚಿಟ್ಟುಕೊಂಡು ರಸ್ತೆ ನೋಡುತ್ತ ಕೂತಿರುತ್ತಿದ್ದರು. ಯಾರಾದರೂ ಮಾತಾಡಿಸಲು ಬಂದರೆ ನಿದ್ದೆ ಬಂದವರಂತೆ ಕಣ್ಣು ಮುಚ್ಚುವರು.

"ಮಾವ, ನನ್ನ ಯೋಜನೆಗೆ ನೀವೇ ಫಲಾನುಭವಿ," ಎಂದು ಅಳಿಯ ಘೋಷಿಸಿದ.

"ಹಂಗಂದ್ರೆ?"

"ಎಲ್ಲಾ ನಿಮಗೋಸ್ಕರ ಅಂತ. ನಿಮ್ಮ ಅಂಗಿ ಗುಂಡಿ ನೀವೇ ಹಾಕ್ಕೋಬೇಕು. ಅದೇ ನಮ್ಮ ಗುರಿ."

ಅಂದಿನಿಂದ ಮಾವನ ಕೈಗೆ ಒಂದು ರಬ್ಬರ್ ಚೆಂಡು, ಗೋಡೆಗೆ ಒಂದು ವೇಳಾಪಟ್ಟಿ, ಅಳಿಯನ ಕುತ್ತಿಗೆಗೆ ಒಂದು ಸೀಟಿ ಬಂದವು. ಬೆಳಿಗ್ಗೆ ಹಲ್ಲುಜ್ಜುವಾಗ ಉಸ್ತುವಾರಿ, ಕಚೇರಿಯಿಂದ ಫೋನಿನಲ್ಲಿ ಉಸ್ತುವಾರಿ, ಊಟದ ನಡುವೆ ಮಧ್ಯಂತರ ಮೌಲ್ಯಮಾಪನ. ಮಾವ ಸಭ್ಯರು. ಸ್ವಲ್ಪ ದಿನ ಸಹಿಸಿಕೊಂಡು ಕೊನೆಗೆ ಕೇಳಿದರು: "ಅಳಿಯಂದ್ರೇ, ನಾನು ಫಲಾನುಭವಿ ಅಂದ್ರಲ್ಲ, ಫಲ ಎಲ್ಲೋ ಕಾಣ್ತಿಲ್ಲ. ಬರೀ ಅನುಭವ ಆಗ್ತಿದೆ."

ಒಂದು ಭಾನುವಾರ ಅಳಿಯ ಕೈಯಲ್ಲಿ ಗಡಿಯಾರ ಹಿಡಿದು ಎದುರು ನಿಂತ. "ಮೇಲಿನ ಗುಂಡಿ ಹಾಕಿ ಮಾವ. ಶುರು!"

ಗುಂಡಿ ಬೆರಳಿಗೆ ಸಿಕ್ಕಿತು, ಜಾರಿತು, ಮತ್ತೆ ಸಿಕ್ಕಿತು, ಮತ್ತೆ ಜಾರಿತು. ಸಾವಿರಾರು ಜನರ ಕೆನ್ನೆಯ ಮೇಲೆ ಒಂದು ಗೀರೂ ಬೀಳದಂತೆ ಕತ್ತಿ ಆಡಿಸಿದ್ದ ಕೈ ತನ್ನದೇ ಎದೆಯ ಮೇಲೆ ಎಲೆಯ ಹಾಗೆ ನಡುಗಿತು. ಮಾವ ಕೈ ಇಳಿಸಿ, ಮುಖವನ್ನು ಗೋಡೆಗೆ ತಿರುಗಿಸಿಕೊಂಡರು. ಅವರ ಭುಜ ಅಲುಗುತ್ತಿತ್ತು.

ಅಳಿಯ ಗಡಿಯಾರವನ್ನು ಜೇಬಿಗೆ ಹಾಕಿದ. ಕುತ್ತಿಗೆಯ ಸೀಟಿ ಕಳಚುತ್ತ ಅಡುಗೆಮನೆಗೆ ಹೋದ.

ಹೆಂಡತಿ ಬೈಯುತ್ತಾಳೆಂದುಕೊಂಡಿದ್ದ. ಬೈಯಲಿಲ್ಲ. ಪಾತ್ರೆ ತೊಳೆಯುತ್ತ ಮೆಲ್ಲಗೆ ಹೇಳಿದಳು: "ರೀ, ಎಲ್ಲಾರೂ ಅಪ್ಪಂಗೆ ಸಹಾಯ ಮಾಡೋರೇ ಆಗ್ಬಿಟ್ವಿ. ಅಪ್ಪನ ಹತ್ರ ಒಂದು ಸಹಾಯ ಕೇಳೋರು ಒಬ್ಬರೂ ಇಲ್ಲ ನೋಡಿ."

ಅದು ಅವನ ಪಠ್ಯಪುಸ್ತಕದ ಯಾವ ಅಧ್ಯಾಯದಲ್ಲೂ ಇರಲಿಲ್ಲ.

ಪರೀಕ್ಷೆಯ ಹಿಂದಿನ ದಿನ ಅವನು ಮಾವನ ಎದುರು ಒಂದು ಸ್ಟೂಲು ಹಾಕಿಕೊಂಡು ಕೂತ. "ಮಾವ, ನಾಳೆ ಪರೀಕ್ಷೆ. ಕೂದಲು ನೋಡಿ, ಕಿವಿ ಮೇಲೆ ಬಂದಿದೆ. ಮದುವೆ ಆದಾಗಿನಿಂದ ನಿಮ್ಮನ್ನ ಬಿಟ್ಟು ಇನ್ನೊಬ್ಬರಿಗೆ ತಲೆ ಕೊಟ್ಟಿಲ್ಲ. ಈಗ ಯಾರ ಹತ್ರ ಹೋಗ್ಲಿ?"

ಮಾವ ಅಳಿಯನ ಕಿವಿಯ ಮೇಲಿನ ಕೂದಲನ್ನು ಕಣ್ಣಲ್ಲೇ ಅಳೆದರು. ಆಮೇಲೆ ಟವೆಲ್ಲನ್ನು ಸರಿಸಿ, ಒಳಗೆ ಕೂಗಿದರು: "ಮಗಳೇ, ನನ್ನ ಪೆಟ್ಟಿಗೆ ತಗೊಂಡು ಬಾ."

ಬಿಳಿ ಬಟ್ಟೆ ಕುತ್ತಿಗೆ ಸುತ್ತಿತು. ಕತ್ತರಿ ಕೈಗೆ ಬಂದಾಗ ಮಾವನ ಬೆನ್ನು ನೆಟ್ಟಗಾಯಿತು. ಮೊದಲು ಗಾಳಿಯಲ್ಲಿ ಕಚ ಕಚ ಆಡಿಸಿ ನೋಡಿದರು. ತಡವರಿಸುತ್ತಿದ್ದ ಸದ್ದು ಮೆಲ್ಲಮೆಲ್ಲಗೆ ಹಳೆಯ ಲಯಕ್ಕೆ ಬಂತು. ಬಾಗಿಲ ಬಳಿ ನಿಂತಿದ್ದ ಮಗಳು ಆ ಸದ್ದು ಕೇಳಿದವಳೇ ಕಣ್ಣೊರೆಸಿಕೊಂಡಳು. ಎಡಭಾಗ ಚೆನ್ನಾಗಿಯೇ ಬಂತು. ಬಲಭಾಗಕ್ಕೆ ಬರುವಷ್ಟರಲ್ಲಿ ಕೈ ಸೋತಿತು. ಕಿವಿಯ ಮೇಲೆ ಒಂದು ಬಯಲು, ಅದರ ಪಕ್ಕ ಒಂದು ಪೊದೆ, ಅವೆರಡರ ನಡುವೆ ಒಂದು ಕಾಲುದಾರಿ.

"ಹೆಂಗಿದೆ ಅಳಿಯಂದ್ರೇ?"

ಅಳಿಯ ಕನ್ನಡಿ ನೋಡಿದ. "ಬಹಳ ಚೆನ್ನಾಗಿದೆ ಮಾವ."

ಹೆಂಡತಿ ಬಾಯಿಗೆ ಕೈ ಅಡ್ಡವಿಟ್ಟುಕೊಂಡು ಒಳಗೆ ಓಡಿದಳು. ಈ ಸಲ ಅಳುವುದಕ್ಕಲ್ಲ.

ಮರುದಿನ ಪರೀಕ್ಷಕಿ ಕನ್ನಡಕದ ಮೇಲಿನಿಂದ ಅವನನ್ನು ನೋಡಿದರು. "ಫಲಾನುಭವಿ ಗುಂಡಿ ಹಾಕ್ಕೊಂಡ್ರಾ?"

"ಇಲ್ಲ ಮೇಡಂ."

"ಚೆಂಡಿನ ವ್ಯಾಯಾಮ?"

"ಚೆಂಡು ಬೀರು ಕೆಳಗೆ ಹೋಗಿದೆ ಮೇಡಂ. ಯಾರೂ ತೆಗೆದಿಲ್ಲ."

"ಹಾಗಾದ್ರೆ ಯೋಜನೆಯಿಂದ ಬದಲಾವಣೆ ಆಗಿದೆ ಅನ್ನೋಕೆ ಏನ್ರೀ ಆಧಾರ?"

ಅವನು ಮೆಲ್ಲಗೆ ಬಲಭಾಗ ಕಾಣುವಂತೆ ತಿರುಗಿ ಕೂತು, ನಡೆದದ್ದನ್ನೆಲ್ಲ ಹೇಳಿದ. ಅವರು ಎದ್ದು ಬಂದು, ಬಯಲು, ಪೊದೆ, ಕಾಲುದಾರಿ ಎಲ್ಲವನ್ನೂ ಸ್ಥಳ ಪರಿಶೀಲನೆ ಮಾಡಿದರು. ನಗು ತಡೆಯಲು ಕೆಮ್ಮಿದರು.

"ಯೋಜನೆಗೆ ತಲೆ ಕೊಡೋರ ಬಗ್ಗೆ ಕೇಳಿದ್ದೆ, ಈಗ ಕಣ್ಣಾರೆ ನೋಡಿದೆ. ಪಾಸಾಗಿದ್ದೀರಿ, ಹೋಗಿ. ಆದ್ರೆ ಒಂದು ಪ್ರಶ್ನೆ. ನಿಮ್ಮ ಪರೀಕ್ಷೆ ಮುಗೀತು. ಇನ್ಮುಂದೆ ಈ ಕೆಲಸ ಮುಂದುವರಿಸೋರು ಯಾರು?"

ಆ ಪ್ರಶ್ನೆಯನ್ನು ಹೊತ್ತುಕೊಂಡೇ ಅವನು ಮನೆಗೆ ಹೊರಟ.

ಮನೆಗೆ ಬಂದಾಗ ಕಿಟಕಿ ಪಕ್ಕದ ಕುರ್ಚಿ ಖಾಲಿಯಿತ್ತು. ಹಿತ್ತಲಿಗೆ ಓಡಿದರೆ, ಮಾವ ಕತ್ತರಿಗೆ ಎಣ್ಣೆ ಬಿಟ್ಟು ಒರೆಸುತ್ತ ನಿಂತಿದ್ದರು. ಟವೆಲ್ಲು ಹೆಗಲ ಮೇಲಿತ್ತು.

"ಬನ್ನಿ ಅಳಿಯಂದ್ರೇ, ಕೂತ್ಕೊಳ್ಳಿ. ಅಂಗಡಿ ಬೀಗ ತೆಗೀಬೇಕು ಅಂತ ಮನಸ್ಸು ಮಾಡಿದ್ದೀನಿ. ಅಷ್ಟರೊಳಗೆ ಕೈ ಪಳಗಬೇಕಲ್ಲ, ದಿನಾ ಸ್ವಲ್ಪ ಅಭ್ಯಾಸ ಮಾಡೋಣ."

"ದಿನಾನಾ? ನನ್ನ ತಲೆ ಮೇಲೇನಾ?"

"ಮತ್ತೆ? ಗಿರಾಕಿಗಳ ತಲೆ ಕೆಡಿಸೋಕಾಗುತ್ತಾ?"

ಅವನು ಹೆಂಡತಿಯ ಕಡೆ ದೀನನಾಗಿ ನೋಡಿದ. ಅವಳು ಬಿಳಿ ಬಟ್ಟೆ ಕೊಡವಿ ಅವನ ಕುತ್ತಿಗೆಗೆ ಕಟ್ಟುತ್ತ ಅಂದಳು: "ಸುಮ್ನೆ ಕೂತ್ಕೊಳ್ರೀ, ಎಡಗಡೆ ಇನ್ನೂ ಬೇಕಾದಷ್ಟಿದೆ."

ಕತ್ತರಿ ಕಚ ಕಚ ಎಂದಿತು. ನಡುಗುವ ಬೆರಳೊಂದು ನೆತ್ತಿಯ ಮೇಲೆ ಬಂದು ಕೂತು, ಮೆಲ್ಲಗೆ ಸ್ಥಿರವಾಯಿತು.

"ಸ್ವಲ್ಪ ತಲೆ ಬಗ್ಗಿಸಿ," ಅಂದರು ಮಾವ.

ಡಿಪ್ಲೊಮಾ ಪಡೆದ ಅಳಿಯ ತಲೆ ಬಗ್ಗಿಸಿದ.